ಸಹಾಯ ಬೇಕು: 1859ರ ಮೊಲ್ಡಾವಿಯಾ, ವಲಾಕಿಯಾ ನಕ್ಷೆ ಇದೆಯಾ?

ಎಲ್ಲರಿಗೂ ನಮಸ್ಕಾರ. ಸೋಮವಾರ ನನ್ನ ಎಂಎ ಸೆಮಿನಾರ್ ಇದೆ. ವಿಷಯ, ರೊಮೇನಿಯಾ ಹುಟ್ಟಿದ ಕಥೆ.

ಕ್ರಿಮಿಯಾ ಯುದ್ಧ ಮುಗಿದ ಮೇಲೆ, 1858ರಲ್ಲಿ ದೊಡ್ಡ ದೇಶಗಳೆಲ್ಲ ಪ್ಯಾರಿಸ್‌ನಲ್ಲಿ ಕೂತು ಒಪ್ಪಂದ ಮಾಡಿದವು. ಮುಂದೆ ಸೇರಿ ರೊಮೇನಿಯಾ ಆದ ಮೊಲ್ಡಾವಿಯಾ, ವಲಾಕಿಯಾ ಎರಡು ಸಂಸ್ಥಾನ, ಎರಡು ಗದ್ದುಗೆ, ಎರಡು ಸರ್ಕಾರ. ಆದರೆ ಎರಡೂ ಗದ್ದುಗೆಗೆ ಒಬ್ಬನೇ ಕೂರಬಾರದು ಅಂತ ಬರೆಯಲೇ ಇಲ್ಲ! 1859ರ ಆರಂಭದಲ್ಲಿ ಮೊಲ್ಡಾವಿಯಾದ ರಾಜಧಾನಿ ಯಾಶ್‌ನವರು ಅಲೆಕ್ಸಾಂಡ್ರು ಕುಜಾನನ್ನು ಆರಿಸಿದರು. ಕೆಲವೇ ವಾರದಲ್ಲಿ ವಲಾಕಿಯಾದ ರಾಜಧಾನಿ ಬುಕಾರೆಸ್ಟ್‌ನವರೂ ಅವನನ್ನೇ ಆರಿಸಿದರು. ದೊಡ್ಡ ದೇಶಗಳು ಚಾಪೆ ಕೆಳಗೆ ತೂರಿದರೆ ಈ ಎರಡು ಊರಿನವರು ರಂಗೋಲಿ ಕೆಳಗೆ ತೂರಿದರು, ಅಲ್ವಾ? ಪಾಪ, 1862ರವರೆಗೆ ಕುಜಾ ಎರಡು ಊರಲ್ಲಿ ಎರಡು ಮಂತ್ರಿಮಂಡಲ ಸಂಭಾಳಿಸಬೇಕಾಯಿತು.

ಈಗ ನನ್ನ ಗೋಳು. ಝೆರಾಕ್ಸ್ ಅಂಗಡಿಯಲ್ಲಿ 40 ರೂಪಾಯಿ ಕೊಟ್ಟು ಕಲರ್ ನಕ್ಷೆ ತೆಗೆಸಿದೆ. ಮನೆಗೆ ಬಂದು ಬಿಚ್ಚಿದರೆ ಈಗಿನ ರೊಮೇನಿಯಾ! ಟ್ರಾನ್ಸಿಲ್ವೇನಿಯಾ ಆಗ ಆಸ್ಟ್ರಿಯಾ ಕೈಯಲ್ಲಿತ್ತು. ಹಳೆಯ ಗಡಿ ತೋರಿಸುವ ನಕ್ಷೆ ಇದ್ದವರು ದಯವಿಟ್ಟು ಕಳಿಸಿ.

ಇನ್ನೊಂದು. ಎರಡೂ ಕಡೆ ಕುಜಾನೇ ಕೂತಿದ್ದನ್ನು ಆಸ್ಟ್ರಿಯಾ ಯಾಕೆ ತಡೆಯಲಿಲ್ಲ ಅಂತ ಮೇಷ್ಟ್ರು ಕೇಳೇ ಕೇಳುತ್ತಾರೆ. ಅದೇ ವರ್ಷ ಅದು ಇಟಲಿ ಯುದ್ಧದಲ್ಲಿ ಸಿಕ್ಕಿಕೊಂಡಿತ್ತು ಅನ್ನುವುದು ನನ್ನ ಉತ್ತರ. ಇಷ್ಟು ಸಾಕಾ? ಇತಿಹಾಸ ಓದಿದವರು ಹೇಳಿ.