ಸಹಾಯ ಬೇಕು: ಗೇರ್ ಇಳಿಸಿ ಬೈಕ್ ನಿಧಾನ ಮಾಡಿದರೆ ಇಂಜಿನ್‌ಗೆ ಪೆಟ್ಟಾ?

ಇಳಿಜಾರಿನಲ್ಲಿ ನಾನು ಬ್ರೇಕ್ ಜಾಸ್ತಿ ಒತ್ತುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಒಂದೊಂದೇ ಗೇರ್ ಇಳಿಸುತ್ತೇನೆ. ಗಾಡಿಯನ್ನು ಇಂಜಿನ್ನೇ ಹಿಡಿಯುತ್ತದೆ, ಬ್ರೇಕ್ ಕಾಯುವುದಿಲ್ಲ.

ಆದರೆ ನಾಲ್ಕರಿಂದ ಮೂರಕ್ಕೆ ಹಾಕಿ ಕ್ಲಚ್ ಬಿಟ್ಟ ತಕ್ಷಣ ಇಂಜಿನ್ ಕಿರುಚುತ್ತದೆ, ಹಿಂದಿನ ಚಕ್ರ ಒಮ್ಮೆ ಚಿರ್ ಎನ್ನುತ್ತದೆ. ಕ್ಲಚ್ ನಿಧಾನವಾಗಿ ಬಿಟ್ಟು ನೋಡಿದೆ. ಗೇರ್ ಬದಲಿಸುವಾಗ ಸ್ವಲ್ಪ ರೇಸ್ ಕೊಟ್ಟೂ ನೋಡಿದೆ. ಜಗ್ಗುವುದು ಕಡಿಮೆಯಾಯಿತು, ಸದ್ದು ಹಾಗೇ ಇದೆ. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮುಳ್ಳು ಮಾತ್ರ ಅದರ ಮಿತಿಯ ಕೆಂಪು ಗೆರೆಯ ಹತ್ತಿರವೂ ಹೋಗುವುದಿಲ್ಲ.

ಗೆಳೆಯ ‘ಪಿಸ್ಟನ್ ಸವೆಯುತ್ತೆ’ ಅಂತ ಹೆದರಿಸುತ್ತಾನೆ. (ಅವನು ನ್ಯೂಟ್ರಲ್‌ನಲ್ಲಿ ಇಳಿಯುವವನು, ಅದು ಬೇರೆ ಕಥೆ!) ಆಕ್ಸಿಲರೇಟರ್ ಬಿಟ್ಟಾಗ ಒಳಗೆ ಪೆಟ್ರೋಲ್ ಉರಿಯುವುದೇ ಕಡಿಮೆ ಅಲ್ವಾ?

ಕೆಂಪು ಗೆರೆ ದಾಟದೆ ದಿನಾ ಹೀಗೆ ಮಾಡಿದರೂ ಇಂಜಿನ್ ಹಾಳಾಗುತ್ತದಾ? ಅಥವಾ ಸವೆಯುವುದು ಕ್ಲಚ್ ಪ್ಲೇಟ್, ಚೈನ್ ಮಾತ್ರವಾ?