‘ಗ್ಲಾಸ್ ಏರಿಸು’ ಅಂದರೆ ಮುಚ್ಚುವುದೋ, ತೆರೆಯುವುದೋ? ಸನ್‌ರೂಫಿನ ಕ್ರಿಯಾಪದಗಳ ಬಗ್ಗೆ

ಗೆಳೆಯರೇ, ನಮಸ್ಕಾರ.

ಕಾರಿನ ಸನ್‌ರೂಫ್ ತೆರೆಯುವುದಕ್ಕೆ, ಮುಚ್ಚುವುದಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ ಬಳಸಬೇಕು ಅನ್ನುವುದು ನನ್ನ ಪ್ರಶ್ನೆ. ಹೆಸರಿನ ಚಿಂತೆ ನನಗೆ ಅಷ್ಟಿಲ್ಲ, ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ತೊಡಕಿರುವುದು ಕ್ರಿಯಾಪದದಲ್ಲಿ.

ಹೋದ ವರ್ಷ ರೋಹಿಣಿ ಮಳೆಯ ದಿನಗಳಲ್ಲಿ ಗುಳೇದಗುಡ್ಡದಲ್ಲಿ ಒಂದು ಮದುವೆ. ಬಾಗಲಕೋಟೆಯಿಂದ ನಮ್ಮ ಭಾವನ ಹೊಸ ಕಾರಿನಲ್ಲಿ ಹೋಗಿದ್ದೆವು. ಹಿಂದಿನ ಸೀಟಿನ ಮೇಲೆ ಆಯೇರಿ ಸೀರೆಗಳ ಚೀಲ ಇತ್ತು. ಊಟದ ಪಂಕ್ತಿಯಲ್ಲಿ ಕೂತಾಗ ಮೋಡ ಕಟ್ಟಿತು. ಭಾವ ಮಗನ ಕೈಗೆ ಕೀಲಿ ಕೊಟ್ಟು, "ಗ್ಲಾಸ್ ಎಲ್ಲಾ ಏರಿಸಿ ಬಾರೋ ತಮ್ಮಾ" ಎಂದರು. ಹುಡುಗ ಓಡಿದ. ನಾಲ್ಕೂ ಬಾಗಿಲಿನ ಗ್ಲಾಸ್ ಏರಿಸಿದ. ಆಮೇಲೆ ತಲೆಯ ಮೇಲಿನ ಗ್ಲಾಸನ್ನೂ ಏರಿಸಿದ. ಆ ಕಾರಿನಲ್ಲಿ ಸನ್‌ರೂಫಿನ ಬಟನ್ ಮೇಲಕ್ಕೆ ಒತ್ತಿದರೆ ಗಾಜಿನ ಹಿಂದಿನ ಅಂಚು ಮೇಲೇಳುತ್ತದೆ. ಅಂದರೆ ಸನ್‌ರೂಫ್ ಮುಚ್ಚಲಿಲ್ಲ, ತೆರೆದುಕೊಂಡಿತು.

ಮಳೆ ಬಿದ್ದದ್ದು ಅರ್ಧ ಗಂಟೆ ಅಷ್ಟೇ. ಆದರೆ ಗಾಳಿ ಕಾರಿನ ಹಿಂದಿನಿಂದ ಬೀಸುತ್ತಿತ್ತು. ನಾವು ಬಂದು ಬಾಗಿಲು ತೆಗೆದಾಗ ಹಿಂದಿನ ಸೀಟು ಹಿಂಡಿದರೆ ನೀರು ಬರುವ ಹಾಗಿತ್ತು. ಒಂದು ಇಳಕಲ್ ಸೀರೆಯ ಕೆಂಪು ಸೆರಗು ಬಣ್ಣ ಬಿಟ್ಟು ಪಕ್ಕದ ಹಸಿರು ಸೀರೆಗೆ ಅಂಟಿತ್ತು. ಅಕ್ಕ ಅದನ್ನು ಬಿಡಿಸಿ ಹಿಡಿದು ಸುಮ್ನೆ ನಿಂತುಬಿಟ್ಟಳು. ಎಲ್ಲರೂ ಹುಡುಗನಿಗೇ ಬೈದರು. ಅವನು ಒಂದೇ ಮಾತು ಹೇಳಿದ: "ಏರಿಸು ಅಂದ್ರಿ, ಏರಿಸಿ ಬಂದೆ."

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಹುಡುಗ ಹೇಳಿದ್ದರಲ್ಲಿ ತಪ್ಪೇನಿದೆ? ಬಾಗಿಲಿನ ಗಾಜು ಏರಿದರೆ ಕಿಟಕಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಕೈಯಿಂದ ಹ್ಯಾಂಡಲ್ ತಿರುಗಿಸುವ ಕಾಲದಿಂದ ನಾವು ಹಾಗೇ ಹೇಳುತ್ತಾ ಬಂದಿದ್ದೇವೆ. ಬಸ್ಸಿನಲ್ಲಿ, ಟೆಂಪೋದಲ್ಲಿ, ಜೀಪಿನಲ್ಲಿ, ಎಲ್ಲ ಕಡೆ ‘ಏರಿಸು’ ಅಂದರೆ ಮುಚ್ಚು ಅಂತಲೇ. ಸನ್‌ರೂಫಿನಲ್ಲಿ ಅದು ತಿರುಗುಮುರುಗಾಗುತ್ತದೆ. ಅಲ್ಲಿ ಏರಿದರೆ ತೆರೆದ ಹಾಗೆ, ಇಳಿದು ಕೂತರೆ ಮುಚ್ಚಿದ ಹಾಗೆ. ಒಂದೇ ಕಾರಿನಲ್ಲಿ ಒಂದೇ ಕ್ರಿಯಾಪದಕ್ಕೆ ಎರಡು ವಿರುದ್ಧ ಅರ್ಥ.

ಇದನ್ನು ನವನಗರದಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಹಳೇ ವಿದ್ಯಾರ್ಥಿಗೆ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಸರ, ಇದು ದಿನಾ ಆಗೋದ್ರಿ" ಎಂದ. "ಫೋನ್ ಮಾಡಿ ‘ಮ್ಯಾಲಿನ ಗ್ಲಾಸ್ ಓಪನ್ ಆಗವಲ್ದು’ ಅಂತಾರ. ಹೋಗಿ ನೋಡಿದ್ರ ಎತ್ತತೈತಿ, ಸರಿಯಂಗಿಲ್ಲ. ಇಲ್ಲಾಂದ್ರ ಸರಿತೈತಿ, ಎತ್ತಂಗಿಲ್ಲ. ಯಾವುದು ಅಂತ ಅವರಿಗೆ ಹೇಳಾಕ ಬರೂದಿಲ್ಲ." ಗಿರಾಕಿಗಳಿಗೆ ಕೊಡುವುದಕ್ಕೆ ಕನ್ನಡದಲ್ಲಿ ಒಂದು ಸಣ್ಣ ಕಾರ್ಡು ಬರೆದುಕೊಡಿ ಎಂದು ಕೇಳಿದ. ಒಪ್ಪಿಕೊಂಡೆ. ಆ ಕಾರ್ಡಿಗಾಗಿಯೇ ಈಗ ನಿಮ್ಮನ್ನು ಕೇಳುತ್ತಿದ್ದೇನೆ.

ಬರೆಯುವ ಮೊದಲು ನೋಡಬೇಕಲ್ವಾ? ಒಂದು ಕಾರಿನ ಒಳಮೇಲಿನ ಬಟ್ಟೆ ಬಿಚ್ಚಿದ್ದಾಗ ಅವನು ನನ್ನನ್ನು ಕರೆದ. ಮುಷ್ಟಿಯಷ್ಟು ದೊಡ್ಡ ಮೋಟರ್. ಅದರ ತುದಿಯಲ್ಲಿ ಸಣ್ಣ ಹಲ್ಲುಚಕ್ರ. ಚಕ್ರದ ಎರಡೂ ಮಗ್ಗುಲಿಗೆ ಒಂದೊಂದು ಉಕ್ಕಿನ ಕೇಬಲ್. ಕೇಬಲ್ ಮೇಲೆ ಉದ್ದಕ್ಕೂ ತಂತಿ ಸುರುಳಿ ಸುತ್ತಿದ್ದಾರೆ. ಬೆರಳಿನಿಂದ ಸವರಿದರೆ ಸ್ಕ್ರೂ ಸವರಿದ ಹಾಗೆ ಆಗುತ್ತದೆ. ಚಕ್ರದ ಹಲ್ಲು ಆ ಸುರುಳಿಯ ಸಂದಿಗೆ ಕೂರುತ್ತದೆ. ಒಂದು ಕೇಬಲ್ ಎಡಗಡೆಯ ಹಳಿಗೆ, ಇನ್ನೊಂದು ಬಲಗಡೆಯ ಹಳಿಗೆ ಹೋಗುತ್ತದೆ. ಒಂದೇ ಚಕ್ರ ಎರಡನ್ನೂ ನಡೆಸುವುದರಿಂದ ಗಾಜಿನ ಎರಡು ಪಕ್ಕಗಳೂ ಸಮವಾಗಿ ಚಲಿಸುತ್ತವೆ.

ಇಲ್ಲೇ ನನಗೆ ಮೊದಲನೇ ಪದ ಸಿಕ್ಕಿಬಿದ್ದಿತು. ಕೇಬಲ್ ಅಂದರೆ ನಮ್ಮ ಮನಸ್ಸಿಗೆ ಬರುವುದು ಹಗ್ಗ ಅಥವಾ ತಂತಿ. ಬಾವಿಯ ಹಗ್ಗ ಎಳೆಯುತ್ತದೆ, ತಳ್ಳುವುದಿಲ್ಲ. ಈ ಕೇಬಲ್ ಎಳೆಯುವುದರ ಜೊತೆಗೆ ತಳ್ಳುತ್ತದೆ ಕೂಡ. ಬಿಗಿಯಾದ ಕೊಳವೆಯೊಳಗೆ ಇರುವುದರಿಂದ ಅದು ಡೊಂಕಾಗಲು ಜಾಗವೇ ಇಲ್ಲ. ಗ್ಯಾರೇಜಿನ ಹುಡುಗರು ಅದಕ್ಕೆ ‘ಹಲ್ಲಿನ ಕೇಬಲ್’ ಅನ್ನುತ್ತಾರೆ. ನನಗೆ ಅದು ಚೆನ್ನಾಗಿದೆ ಅನಿಸಿತು. ಹಗ್ಗ ಅನ್ನುವುದು ಮಾತ್ರ ಬೇಡ.

ಕೇಬಲ್ ನೇರವಾಗಿ ಗಾಜನ್ನು ಹಿಡಿದಿರುವುದಿಲ್ಲ. ಹಳಿಯೊಳಗೆ ಓಡುವ ಒಂದು ತುಂಡನ್ನು ಹಿಡಿದಿರುತ್ತದೆ. ಆ ತುಂಡಿನಲ್ಲಿ ಏರಿಳಿವ ಒಂದು ಸೀಳು ಇದೆ. ಗಾಜಿನ ಅಡಿಯ ಪಟ್ಟಿಯಿಂದ ಬಂದ ಗೂಟ ಆ ಸೀಳಿನಲ್ಲಿ ಕೂತಿದೆ. ಮುಚ್ಚಿದ ಜಾಗದಿಂದ ತುಂಡನ್ನು ಒಂದು ಕಡೆಗೆ ತಳ್ಳಿದರೆ ಗೂಟ ಸೀಳಿನಲ್ಲಿ ಮೇಲೆ ಹತ್ತುತ್ತದೆ, ಗಾಜಿನ ಹಿಂಭಾಗ ಎದ್ದು ನಿಲ್ಲುತ್ತದೆ. ಇನ್ನೊಂದು ಕಡೆಗೆ ಎಳೆದರೆ ಗೂಟ ಕೆಳಗಿಳಿಯುತ್ತದೆ, ಗಾಜಿನ ಹಿಂಭಾಗ ಕಾರಿನ ತಗಡಿಗಿಂತ ಸ್ವಲ್ಪ ತಗ್ಗುತ್ತದೆ, ಆಮೇಲೆ ಇಡೀ ಗಾಜು ತಗಡಿನ ಅಡಿಗೆ ಹಿಂದೆ ಸರಿಯುತ್ತದೆ. ಮೋಟರ್ ಒಂದೇ, ಕೆಲಸ ಎರಡು. ಅವನು ಬಟನ್ ಒತ್ತಿ ಬಿಟ್ಟು ನಾಲ್ಕೈದು ಸಲ ತೋರಿಸಿದ. ಗಾಜು ಸರಿಯುವ ಮೊದಲು ತಲೆ ಬಾಗಿಸಿ ಒಳಗೆ ಹೋಗುವುದು ನೋಡಲು ಬಹಳ ಚೆಂದ. ಚಿಕ್ಕ ಬಾಗಿಲಿನ ಮನೆಯೊಳಗೆ ಎತ್ತರದ ಮನುಷ್ಯ ಹೋಗುತ್ತಾನಲ್ಲ, ಹಾಗೆ.

ಎಲ್ಲ ಸನ್‌ರೂಫುಗಳೂ ಹೀಗೇ ಇರುವುದಿಲ್ಲ. ಕೆಲವು ಬರೀ ಹಿಂದೆ ಏಳುತ್ತವೆ, ಸರಿಯುವುದೇ ಇಲ್ಲ. ಕೆಲವು ಎದ್ದುಕೊಂಡು ತಗಡಿನ ಮೇಲುಗಡೆ ಹಿಂದಕ್ಕೆ ಹೋಗುತ್ತವೆ. ಆದರೆ ಯಾವುದೇ ಇದ್ದರೂ ಎರಡು ಚಲನೆಗಳನ್ನು ಬೇರೆಬೇರೆಯಾಗಿ ಹೇಳಲು ಬಂದರೆ ಸಾಕು.

ಎರಡನೆಯದಕ್ಕೆ ‘ಸರಿಸು’ ಇದೆ. ‘ಜಾರಿಸು’ ಅಂತ ಕೆಲವರು ಬರೆದಿದ್ದನ್ನು ನೋಡಿದ್ದೇನೆ, ನನಗೆ ಒಪ್ಪಿಗೆಯಿಲ್ಲ. ಜಾರುವುದು ಹಿಡಿತ ತಪ್ಪಿದಾಗ. ಸರಿಯುವುದು ಹಿಡಿತದಲ್ಲಿದ್ದಾಗ. ನಮ್ಮ ಕಡೆ ಬಸ್ಸಿನಲ್ಲಿ "ಸ್ವಲ್ಪ ಸರೀರಿ" ಅನ್ನುತ್ತೇವೆ, "ಜಾರ್ರಿ" ಅನ್ನುವುದಿಲ್ಲ.

ಮೊದಲನೆಯದೇ ಕಷ್ಟ. ‘ಏರಿಸು’ ಬೇಡವೇ ಬೇಡ, ಸೀರೆಯ ಕಥೆ ಹೇಳಿದೆನಲ್ಲ. ‘ಎತ್ತು’ ಅಂದರೆ ಇಡೀ ಗಾಜು ಮೇಲೆ ಬರುವ ಹಾಗೆ ಕೇಳಿಸುತ್ತದೆ. ಗ್ಯಾರೇಜಿನಲ್ಲಿ ಒಬ್ಬ ಹುಡುಗ ‘ಹೆಡಿ ಎತ್ತೈತಿ’ ಎಂದ. ಮುಂದಿನ ಅಂಚು ನೆಲೆಯಲ್ಲೇ ಇದ್ದು ಹಿಂದಿನದು ಏಳುವುದಕ್ಕೆ ಅದು ಸರಿಯಾದ ಚಿತ್ರ. ಆದರೆ ಕಾರ್ಡಿನಲ್ಲಿ ‘ಹೆಡೆ ಎತ್ತಲು ಬಟನ್ ಒತ್ತಿ’ ಅಂತ ಬರೆದರೆ ವಯಸ್ಸಾದವರು ಗಾಬರಿಯಾಗಬಹುದು.

ಕೊನೆಗೆ ಪದ ಸಿಕ್ಕಿದ್ದು ಮನೆಯಲ್ಲಿ. ಸಂಜೆ ನಾನು ಹೊರಗೆ ಹೊರಟಾಗ ಅವ್ವ ಒಳಗಿನಿಂದ ಕೂಗಿದಳು: "ಬಾಗಿಲಾ ವಾರಿ ಮಾಡಿ ಹೋಗು, ಗಾಳಿ ಬರ್ಲಿ." ಬರೆಯುವಾಗ ಓರೆ, ನಮ್ಮ ಬಾಯಲ್ಲಿ ವಾರಿ. ಪೂರ್ತಿ ತೆರೆದದ್ದಲ್ಲ, ಪೂರ್ತಿ ಹಾಕಿದ್ದೂ ಅಲ್ಲ. ಒಂದು ಅಂಚು ಚೌಕಟ್ಟಿಗೆ ಹಿಡಿದುಕೊಂಡಿದೆ, ಇನ್ನೊಂದು ಅಂಚಿನಲ್ಲಿ ಗಾಳಿಗೆ ಸಂದು ಇದೆ. ಓರೆ ಅನ್ನುವುದಕ್ಕೆ ಇಳಿಜಾರು, ವಾಲಿದ್ದು ಅನ್ನುವ ಅರ್ಥವೂ ಇದೆ. ಸನ್‌ರೂಫಿನ ಮೊದಲ ಚಲನೆಯಲ್ಲಿ ಈ ಎರಡೂ ಇವೆ. ಗಾಜು ವಾಲುತ್ತದೆ, ಸಂದು ಬಿಡುತ್ತದೆ, ಬಿಸಿ ಗಾಳಿ ಹೊರಗೆ ಹೋಗುತ್ತದೆ. ಅದಕ್ಕೆ ಅಂದುಕೊಂಡೆ: ಓರೆ ಮಾಡು, ಸರಿಸು, ಮುಚ್ಚು. ಮೂರೇ ಪದ.

ಮರುದಿನ ಖುಷಿಯಿಂದ ಗ್ಯಾರೇಜಿಗೆ ಹೋಗಿ ಹೇಳಿದೆ. ನನ್ನ ವಿದ್ಯಾರ್ಥಿ ತಲೆ ಅಲ್ಲಾಡಿಸಿದ. "ಸರ, ನಾವು ‘ಗ್ಲಾಸ್ ಓರೆ ಆಗೈತಿ’ ಅಂದ್ರ ಅದು ಕೆಟ್ಟೈತಿ ಅಂತ." ಒಂದು ಕೇಬಲ್ ಹಲ್ಲು ಹಾರಿದರೆ ಎಡಪಕ್ಕ ಮುಂದೆ, ಬಲಪಕ್ಕ ಹಿಂದೆ ಆಗಿ ಗಾಜು ಸೊಟ್ಟಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೂ ಅವರು ಅದೇ ಪದ ಬಳಸುತ್ತಾರೆ.

ನಾನು ಯೋಚಿಸಿ ನೋಡಿದೆ. ಮಾತಿನಲ್ಲಿ ಇದು ತೊಂದರೆಯಲ್ಲ. ‘ಓರೆ ಮಾಡಿದ್ದೇನೆ’ ಅಂದರೆ ಬೇಕಂತ ಮಾಡಿದ್ದು, ‘ಓರೆ ಆಗಿದೆ’ ಅಂದರೆ ತಾನಾಗಿ ಕೆಟ್ಟದ್ದು. ‘ಮಾಡು’, ‘ಆಗು’ ಎಂಬ ಎರಡು ಸಣ್ಣ ಪದಗಳು ಆ ಕೆಲಸ ಮಾಡಿಕೊಡುತ್ತವೆ. ತೊಂದರೆ ಬರುವುದು ಬಟನ್ ಪಕ್ಕದ ಚೀಟಿಯಲ್ಲಿ. ಅಲ್ಲಿ ಒಂದೇ ಪದಕ್ಕೆ ಜಾಗ. ಬರೀ ‘ಓರೆ’ ಅಂತ ಬರೆದರೆ ಸಾಕಾಗುತ್ತದೆಯೇ? ಇದು ನಿಮಗೆ ನನ್ನ ಮುಖ್ಯ ಪ್ರಶ್ನೆ.

ಮುಚ್ಚುವುದರಲ್ಲೂ ಒಂದು ಮಾತಿದೆ. ಗಾಜಿನ ಅಡಿಯಲ್ಲಿ ಬಿಸಿಲು ತಡೆಯುವ ಪರದೆ ಇರುತ್ತದೆ. ಪರದೆ ಮುಚ್ಚಿ, ಗಾಜು ತೆರೆದೇ ಇದ್ದರೂ ಒಳಗಿನಿಂದ ಎಲ್ಲ ಮುಚ್ಚಿದ ಹಾಗೆ ಕಾಣುತ್ತದೆ. ಅದಕ್ಕೆ ಕಾರ್ಡಿನಲ್ಲಿ ಸುಮ್ಮನೆ ‘ಮುಚ್ಚಿ’ ಅನ್ನದೆ ‘ಗಾಜು ಮುಚ್ಚಿ’, ‘ಪರದೆ ಮುಚ್ಚಿ’ ಅಂತಲೇ ಬರೆಯುತ್ತೇನೆ.

ಇನ್ನು ಹೆಸರು. ‘ಸನ್‌ರೂಫ್’ ಎಲ್ಲರಿಗೂ ಗೊತ್ತು, ಅದೇ ಇರಲಿ. ಆದರೂ ಒಂದು ವಿಷಯ ನನ್ನನ್ನು ಕಾಡುತ್ತದೆ. ಇಂಗ್ಲಿಷಿನವರು ಬಿಸಿಲನ್ನು ಹೆಸರಿನಲ್ಲೇ ಇಟ್ಟರು, ಚಳಿ ದೇಶದವರಿಗೆ ಬಿಸಿಲು ಬೇಕು. ಅಮೆರಿಕದಲ್ಲಿ ನ್ಯಾಶ್ ಕಂಪನಿ 1937ರಲ್ಲೇ ಇದನ್ನು ಕಾರಿಗೆ ಹಾಕಿ ಮಾರಿತ್ತು. 1973ರಲ್ಲಿ ಲಿಂಕನ್ ಕಾರಿಗೆ ಗಾಜಿನದು ಬಂದಾಗ ‘ಮೂನ್‌ರೂಫ್’ ಅಂದರು. ನಮ್ಮಲ್ಲಿ ಮಹೀಂದ್ರಾದವರು ‘ಸ್ಕೈರೂಫ್’ ಅನ್ನುತ್ತಾರೆ. ಜರ್ಮನ್ನರ ಹೆಸರಿಗೆ ಸರಿಸುವ ಛಾವಣಿ ಅಂತ ಅರ್ಥ, ಫ್ರೆಂಚರದಕ್ಕೆ ತೆರೆಯುವ ಛಾವಣಿ ಅಂತ. ಅವರಿಬ್ಬರೂ ಆಕಾಶವನ್ನು ಬಿಟ್ಟು ಕೆಲಸವನ್ನು ಹೆಸರಿಸಿದರು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ರಸ್ತೆಯಲ್ಲಿ ಹೋಗುವವರಿಗೆ ಬಿಸಿಲು ಬೇಕಾಗಿಲ್ಲ, ಬೆಳಕೂ ಗಾಳಿಯೂ ಬೇಕು. ಅದಕ್ಕೆ ಸೂರ್ಯನನ್ನು ಸೇರಿಸಿ ಹೊಸ ಪದ ಕಟ್ಟುವುದು ನನಗೆ ಇಷ್ಟವಿಲ್ಲ. ಛಾವಣಿಗೆ ‘ಮಾಡು’ ಅಂತ ಕರಾವಳಿಯ ಪದ ತಂದರೂ ಕಷ್ಟ. ನಮ್ಮ ಕಡೆ ‘ಮಾಡ’ ಅಂದರೆ ಗೋಡೆಯಲ್ಲಿ ದೀಪ ಇಡುವ ಗೂಡು.

ನಮ್ಮಲ್ಲಿ ಬೆಳಕಿಂಡಿ ಇದೆಯಲ್ಲ! ಹಳೇ ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿಗೆ ಹೋದ ಅಜ್ಜಿಯ ಮನೆಯ ಅಡುಗೆಮನೆಯಲ್ಲಿ ಒಂದಿತ್ತು. ಮಣ್ಣಿನ ಮಾಳಿಗೆಯಲ್ಲಿ ತೂತು, ಅದರ ಸುತ್ತ ತಳ ಒಡೆದ ಗಡಿಗೆ ಕೂರಿಸಿ ಮಣ್ಣು ಮೆತ್ತಿದ್ದರು. ಗಡಿಗೆಯ ಕಂಠ ಮಾಳಿಗೆಗಿಂತ ಗೇಣು ಎತ್ತರ, ನೀರು ಒಳಗೆ ಬರುತ್ತಿರಲಿಲ್ಲ. ಮೇಲೆ ಒಂದು ಫರಶಿ ಕಲ್ಲು. ಮಧ್ಯಾಹ್ನ ಅದರಿಂದ ಬೆಳಕಿನ ಒಂದು ಕಂಬ ಇಳಿದು ರೊಟ್ಟಿ ಬಡಿಯುವ ಅಜ್ಜಿಯ ಕೈ ಮೇಲೆ ಬೀಳುತ್ತಿತ್ತು, ಹಿಟ್ಟಿನ ಕಣಗಳು ಅದರಲ್ಲಿ ತೇಲುತ್ತಿದ್ದವು. ಮೋಡ ಗುಡುಗಿದರೆ ಅಜ್ಜಿ "ಕಲ್ಲು ಸರಸ್ರೋ" ಎಂದು ಕೂಗುತ್ತಿದ್ದಳು. ‘ಏರಿಸು’, ‘ಇಳಿಸು’ ಎಂದು ಅವಳು ಒಮ್ಮೆಯೂ ಅಂದಿದ್ದಿಲ್ಲ.

ಸನ್‌ರೂಫಿನಲ್ಲಿ ನೀರಿನ ಲೆಕ್ಕ ಬೇರೆ. ಗಾಜಿನ ಸುತ್ತಲಿನ ರಬ್ಬರ್ ಎಲ್ಲ ನೀರನ್ನೂ ತಡೆಯುವುದಿಲ್ಲ. ಒಳಗೆ ಬಂದ ನೀರು ಚೌಕಟ್ಟಿನ ಕಾಲುವೆಗೆ ಬಿದ್ದು ಮೂಲೆಗಳಲ್ಲಿರುವ ಸಣ್ಣ ಪೈಪುಗಳಿಂದ ಕಾರಿನ ಕಂಬಗಳ ಒಳಗೆ ಇಳಿದು ಕೆಳಗೆ ಹೋಗುತ್ತದೆ. ಎರೆಮಣ್ಣಿನ ಧೂಳು ಆ ಪೈಪಿನಲ್ಲಿ ಕಟ್ಟಿಕೊಂಡರೆ ಗಾಜು ಮುಚ್ಚಿದ್ದರೂ ಕಾಲಡಿ ನೀರು ನಿಲ್ಲುತ್ತದೆ. ಆ ಪೈಪಿಗೆ ನಾನು ಕಾರ್ಡಿನಲ್ಲಿ ‘ಹರನಾಳಿಗೆ’ ಅಂತ ಬರೆಯಬೇಕೆಂದಿದ್ದೇನೆ. ಮಾಳಿಗೆಯ ನೀರು ಹೊರಗೆ ಬೀಳುವ ಕೊಳವೆಗೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅದೇ ಹೆಸರು. "ಹರನಾಳಗಿ ಸ್ವಚ್ಛ ಮಾಡಿಸ್ರಿ" ಅಂದರೆ ಯಾವ ರೈತನಿಗೂ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನಿಮ್ಮಿಂದ ನನಗೆ ಬೇಕಾದದ್ದು ಇಷ್ಟು. ಬಾಗಿಲನ್ನು ಅರ್ಧ ತೆರೆದಿಡುವುದಕ್ಕೆ ನಿಮ್ಮ ಊರಿನಲ್ಲಿ ‘ಓರೆ ಮಾಡು’ ಅನ್ನುತ್ತಾರೆಯೇ, ಬೇರೆ ಪದ ಇದೆಯೇ? ‘ಮುಂದೆ ಮಾಡು’ ಅನ್ನುವುದನ್ನು ಕೇಳಿದ್ದೇನೆ, ಆದರೆ ಅದು ಚಿಲಕ ಹಾಕದೆ ಬಾಗಿಲು ಎಳೆದುಕೊಳ್ಳುವುದಕ್ಕೆ, ಇಲ್ಲಿ ಹೊಂದುವುದಿಲ್ಲ. ಬೆಳಗಾವಿ ಕಡೆಯವರು, ಅದರಲ್ಲೂ ಮರಾಠಿಯ ಜೊತೆ ಬೆಳೆದವರು, ಇದಕ್ಕೆ ಏನು ಹೇಳುತ್ತೀರಿ? ಬೆಳಕಿಂಡಿಯ ಮುಚ್ಚಳಕ್ಕೆ ಬೇರೆಯೇ ಹೆಸರು ಯಾರಿಗಾದರೂ ನೆನಪಿದೆಯೇ? ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೆಯೇ ಬರೆಯಿರಿ. ತಿದ್ದಬೇಡಿ.

ಕಾರ್ಡು ಅಚ್ಚಿಗೆ ಹೋಗುವ ಮೊದಲು ಭಾವನ ಮಗನಿಗೂ ತೋರಿಸುತ್ತೇನೆ. ಅವನು ಓದಿ ಸರಿಯಾದ ಬಟನ್ ಒತ್ತಬೇಕು.