ಪಿ0335 ಕೋಡ್ ಹೋಗ್ತಿಲ್ಲ, ಕಾರು ಸ್ಟಾರ್ಟ್ ಆಗ್ತಿಲ್ಲ: ಸಹಾಯ ಬೇಕು

ಹಳೇ 4 ಸಿಲಿಂಡರ್ ಪೆಟ್ರೋಲ್ ಕಾರು. ಸ್ಟಾರ್ಟರ್ ಚೆನ್ನಾಗೇ ತಿರುಗುತ್ತೆ, ಇಂಜಿನ್ ಮಾತ್ರ ಹಿಡಿಯಲ್ಲ. ಸ್ಕ್ಯಾನರ್‌ನಲ್ಲಿ ಪಿ0335 ಒಂದೇ ಕೋಡ್, ಅಂದ್ರೆ ಕ್ರ್ಯಾಂಕ್ ಸೆನ್ಸರ್ (ಕ್ರ್ಯಾಂಕ್‌ಶಾಫ್ಟ್ ತಿರುಗೋದನ್ನ ಇಸಿಯುಗೆ, ಅಂದ್ರೆ ಇಂಜಿನ್ ಕಂಪ್ಯೂಟರ್‌ಗೆ, ತಿಳಿಸೋದು) ಸರ್ಕ್ಯೂಟ್‌ನಲ್ಲಿ ದೋಷ. ಅಳಿಸಿ ಕ್ರ್ಯಾಂಕ್ ಮಾಡಿದ್ರೆ (ಸ್ಟಾರ್ಟರ್ ತಿರುಗಿಸಿದ್ರೆ) ಮತ್ತೆ ಹಾಜರ್. ಕ್ರ್ಯಾಂಕ್ ಮಾಡುವಾಗ ಲೈವ್ ಡೇಟಾದಲ್ಲಿ ಆರ್‌ಪಿಎಂ 0, ಸ್ಪಾರ್ಕ್ ಇಲ್ಲ, ಇಂಜೆಕ್ಟರ್ ಪಲ್ಸ್ ಕೂಡ ಇಲ್ಲ.

ಬ್ಯಾಟರಿ ವೋಲ್ಟೇಜ್ ಕ್ರ್ಯಾಂಕಿಂಗ್‌ನಲ್ಲಿ 10.4ಕ್ಕಿಂತ ಇಳಿಯಲ್ಲ. ಇಮ್ಮೊಬಿಲೈಸರ್ (ಕಳ್ಳತನ ತಡೆಯೋ ಲಾಕ್) ಲೈಟ್ ಆರುತ್ತೆ. ಆಯಿಲ್ ಕ್ಯಾಪ್ ತೆಗೆದು ನೋಡಿದ್ರೆ ಕ್ಯಾಮ್ ತಿರುಗ್ತಿದೆ, ಹಾಗಾಗಿ ಟೈಮಿಂಗ್ ಬೆಲ್ಟ್ ತುಂಡಾಗಿಲ್ಲ.

ಸೆನ್ಸರ್ ಎರಡು ವೈರಿನ ಮ್ಯಾಗ್ನೆಟಿಕ್ ಟೈಪ್. ಹಳೇದೂ ಹೊಸದೂ ಎರಡೂ ಸುಮಾರು 870 ಓಮ್ ತೋರಿಸ್ತವೆ. ಸೆನ್ಸರ್ ಮತ್ತು ಇಸಿಯು ಎರಡೂ ಕಡೆ ಕನೆಕ್ಟರ್ ಬಿಚ್ಚಿ ನೋಡಿದಾಗ ವೈರ್‌ಗಳಲ್ಲಿ ಕಂಟಿನ್ಯುಟಿ ಇದೆ, ಗ್ರೌಂಡ್‌ಗೆ ಶಾರ್ಟ್ ಇಲ್ಲ. ಸೆನ್ಸರ್ ಮಾತ್ರ ಮತ್ತೆ ಜೋಡಿಸಿ, ಬಿಚ್ಚಿದ ಇಸಿಯು ಕನೆಕ್ಟರ್‌ನಲ್ಲಿ ಮೀಟರನ್ನ ಎಸಿ ವೋಲ್ಟ್‌ಗೆ ಇಟ್ಟು ಕ್ರ್ಯಾಂಕ್ ಮಾಡಿದ್ರೆ 0.7 ವೋಲ್ಟ್ ಬರುತ್ತೆ. ಅಂದ್ರೆ ಸಿಗ್ನಲ್ ಇಸಿಯು ಬಾಗಿಲವರೆಗೂ ತಲುಪ್ತಿದೆ, ಆದರೂ ಅದು ಲೆಕ್ಕಕ್ಕೆ ತಗೊಳ್ತಿಲ್ಲ. ತಲೆ ಕೆಟ್ಟಿರೋದು ಇಲ್ಲೇ.

ಕನೆಕ್ಟರ್ ಹತ್ರ ಹಿಂದೆ ಯಾರೋ ವೈರ್ ಕತ್ತರಿಸಿ ಜೋಡಿಸಿದ ಗುರುತಿದೆ, ಎರಡು ವೈರ್ ಅದಲುಬದಲಾಗಿರಬಹುದು. ಸೆನ್ಸರ್ ಎದುರು ತಿರುಗೋ ಹಲ್ಲಿನ ರಿಂಗಿನಲ್ಲಿ ಹಲ್ಲು ಮುರಿದಿದ್ರೂ ಮೀಟರ್‌ನಲ್ಲಿ ಗೊತ್ತಾಗಲ್ಲ, ಅದು ಸರಾಸರಿಯನ್ನಷ್ಟೇ ತೋರಿಸೋದು. ಇವೆರಡೂ ಅಲ್ಲದಿದ್ರೆ ಇಸಿಯು. ಸುಮ್ನೆ ಅದನ್ನ ಬದಲಾಯಿಸೋಕೆ ಮನಸ್ಸಿಲ್ಲ.

ಆಸಿಲೋಸ್ಕೋಪ್ (ಸಿಗ್ನಲ್‌ನ ಅಲೆ ತೋರಿಸೋ ಉಪಕರಣ) ಇಲ್ಲದೆ ಈ ಮೂರರಲ್ಲಿ ಯಾವುದು ಅಂತ ಪತ್ತೆ ಮಾಡೋದು ಹೇಗೆ? ಪರೀಕ್ಷೆಗೆ ಆ ಎರಡು ವೈರ್ ಅದಲುಬದಲು ಮಾಡಿ ಕ್ರ್ಯಾಂಕ್ ಮಾಡಿದ್ರೆ ಇಸಿಯುಗೆ ಏನಾದ್ರೂ ತೊಂದರೆ ಆಗುತ್ತಾ?